ಕಡಲಿಲ್ಲದ ಪಟ್ಟಣದಿಂದ ಕ್ವಾನ್‌ಝೌ ಬಂದರಿಗೆ

ಚನ್ನಪಟ್ಟಣ, ಮಳೂರುಪಟ್ಟಣ, ಬೈರಾಪಟ್ಟಣ ಎಂಬ ಮೂರು ಊರುಗಳು ಒಂದೇ ತಾಲ್ಲೂಕಿನಲ್ಲಿವೆ. ಮೂರರ ಹೆಸರಿನ ಕೊನೆಯಲ್ಲೂ ‘ಪಟ್ಟಣ’ ಎಂಬ ಮಾತಿದೆ, ಮೂರರ ಸಮೀಪದಲ್ಲೂ ಕಡಲಿಲ್ಲ. ಇಂದಿನ ಬಳಕೆಯಲ್ಲಿ ಪಟ್ಟಣವೆಂದರೆ ಹಳ್ಳಿಗಿಂತ ದೊಡ್ಡದು, ನಗರಕ್ಕಿಂತ ಚಿಕ್ಕದು ಎಂಬಷ್ಟೇ ಅರ್ಥ ಉಳಿದಿದೆಯಾದರೂ ಹಿಂದಿನವರಿಗೆ ಆ ಮಾತು ಮನೆಗಳ ಸಂಖ್ಯೆಯನ್ನಲ್ಲ, ಸರಕಿನ ಓಡಾಟವನ್ನು ಸೂಚಿಸುತ್ತಿತ್ತು. ಹಳೆಯ ಜೈನ ವ್ಯಾಖ್ಯಾನಕಾರರು ಪತ್ತನಗಳನ್ನು, ಎಂದರೆ ಪಟ್ಟಣಗಳನ್ನು, ಎರಡಾಗಿ ವಿಂಗಡಿಸಿದ್ದಾರೆ: ಹಡಗು, ದೋಣಿಗಳಲ್ಲಿ ಸರಕು ಬಂದಿಳಿಯುವುದು ಜಲಪತ್ತನ, ಬಂಡಿ, ಹೇರೆತ್ತುಗಳ ಮೇಲೆ ಬಂದಿಳಿಯುವುದು ಸ್ಥಲಪತ್ತನ. ಕನ್ನಡ ಶಾಸನಗಳಲ್ಲಿ ಮತ್ತೆಮತ್ತೆ ಕಾಣಸಿಗುವ ಪಟ್ಟಣಸ್ವಾಮಿ ಎಂಬಾತ ಇಂಥ ವ್ಯಾಪಾರದ ಊರಿನ ವರ್ತಕರ ಮುಖ್ಯಸ್ಥ. ತೆಂಗು, ರಾಗಿ, ಹಿಪ್ಪುನೇರಳೆಗಳ ಸೀಮೆಯಲ್ಲಿರುವ ಬೈರಾಪಟ್ಟಣದಂಥ ಊರಿನ ಹೆಸರಿನಲ್ಲಿ ಇಂದಿಗೂ ಉಳಿದಿರುವ ಈ ಮಾತನ್ನು ಹಿಡಿದುಕೊಂಡು ಹೊರಟವರು ಚೀನಾದ ಒಂದು ಹಳೆಯ ಜಲಪತ್ತನವನ್ನು ನೋಡಿದರೆ ಅಲ್ಲಿ ಏನೇನು ಕಾಣಿಸೀತು ಎಂಬುದೇ ಈ ಭಾಷಣದ ವಿಷಯ.

ಆ ಜಲಪತ್ತನದ ಹೆಸರು ಕ್ವಾನ್‌ಝೌ. ಕನ್ನಡದಲ್ಲಿ ಹೀಗೆ ಬರೆಯುವುದು ರೂಢಿಯಾದರೂ ಚೀನೀಯರ ಬಾಯಲ್ಲಿ ಅದು ‘ಚ್ವೆನ್‌ಜೋ’ ಎಂಬುದಕ್ಕೆ ಹತ್ತಿರವಾಗಿ ಕೇಳಿಸುತ್ತದೆ. ಚೀನಾದ ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತ್ಯದಲ್ಲಿ, ತೈವಾನ್ ಜಲಸಂಧಿಗೆ ಮುಖಮಾಡಿ, ಜಿನ್ ಎಂಬ ನದಿಯು ಸಮುದ್ರ ಸೇರುವ ಕಡೆ ಈ ನಗರವಿದೆ. ಮಧ್ಯಯುಗದ ಅರಬ್ಬರು, ಪರ್ಷಿಯನ್ನರು, ಇಟಲಿಯವರು ಇದನ್ನು ಕರೆದದ್ದು ಝೈತುನ್ ಎಂದು. ಊರ ಸುತ್ತ ಸಾಲಾಗಿ ನೆಟ್ಟಿದ್ದ ಒಂದು ಮರದ ಚೀನೀ ಹೆಸರಾದ ‘ತ್ಸಿತೊಂಗ್’ ಎಂಬುದೇ ಅವರ ಬಾಯಲ್ಲಿ ಹೀಗಾಯಿತೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಆ ಮರ ಕನ್ನಡ ರೈತನಿಗೆ ಹೊಸದಲ್ಲ: ಮೈತುಂಬ ಮುಳ್ಳಿದ್ದು, ಎಲೆಯುದುರಿದ ಮೇಲೆ ಕೆಂಡದಂಥ ಹೂ ಬಿಡುವ, ವೀಳ್ಯದೆಲೆ ಮತ್ತು ಮೆಣಸಿನ ಬಳ್ಳಿಗಳಿಗೆ ಆಸರೆಯಾಗಿ ನೆಡುವ ಹಾಲುವಾಣದ ಜಾತಿಯದೇ ಅದು. ಇಲ್ಲಿ ಬಳ್ಳಿ ಹಬ್ಬಿಸಲು ಬೇಕಾದ ಮರ ಅಲ್ಲಿ ಒಂದು ನಗರಕ್ಕೆ ಹೆಸರಾಯಿತು. ಆ ಬಳ್ಳಿಯ ಮೆಣಸೇ ಆ ನಗರಕ್ಕೆ ಹಡಗು ತುಂಬಿ ಹೋಗುತ್ತಿತ್ತು.

ಹಾಗೆ ಹಡಗು ಹೋಗಬೇಕಾದರೆ ಗಾಳಿ ಒದಗಬೇಕಿತ್ತು. ಜೂನ್ ತಿಂಗಳಲ್ಲಿ ನೈಋತ್ಯದಿಂದ ಬೀಸಿ ಚನ್ನಪಟ್ಟಣ ಸೀಮೆಯ ಕಣ್ವ ನದಿಯ ಬಯಲಿಗೆ ಮುಂಗಾರು ಮಳೆಯನ್ನು ತರುವ ಮಾರುತವ್ಯವಸ್ಥೆಯೇ ಬಂಗಾಳಕೊಲ್ಲಿಯನ್ನು, ಮಲಕ್ಕಾ ಜಲಸಂಧಿಯನ್ನು ದಾಟಿ ಬಂದ ಹಡಗುಗಳನ್ನು ಚೀನಾದ ದಡಕ್ಕೆ ಒಯ್ಯುತ್ತಿತ್ತು. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಅವನ್ನು ಮತ್ತೆ ದಕ್ಷಿಣಕ್ಕೆ ತರುತ್ತಿತ್ತು. ರೈತ ಮಳೆಗಾಗಿ ಕಾಯುವಂತೆ ಕ್ವಾನ್‌ಝೌನ ಅಧಿಕಾರಿಗಳು ಗಾಳಿಗಾಗಿ ಕಾಯುತ್ತಿದ್ದರು, ಕಾಯುವುದಷ್ಟೇ ಅಲ್ಲದೆ ವಿಧಿವತ್ತಾಗಿ ಪ್ರಾರ್ಥಿಸುತ್ತಿದ್ದರು. ನಗರದ ಪಶ್ಚಿಮಕ್ಕಿರುವ ಜಿಯುರಿ ಎಂಬ ಗುಡ್ಡದ ಬಂಡೆಗಳ ಮೇಲೆ 1174ರಿಂದ 1266ರವರೆಗಿನ ಅವಧಿಯ ಇಂಥ ಪ್ರಾರ್ಥನೆಗಳ ಬರಹಗಳು ಇಂದಿಗೂ ಇವೆ. ಯಾವ ವರ್ಷ, ಯಾವ ತಿಂಗಳು, ಯಾವ ಯಾವ ಅಧಿಕಾರಿಗಳು ಗುಡ್ಡ ಹತ್ತಿ ಬಂದು ಗಾಳಿಯನ್ನು ಬೇಡಿಕೊಂಡರು ಎಂಬ ವಿವರ ಅವುಗಳಲ್ಲಿದೆ. ಸರ್ಕಾರಿ ಅಧಿಕಾರಿಗಳಿಗೆ ಗಾಳಿಯ ಮೇಲೆ ಇಷ್ಟು ಭಕ್ತಿ ಏಕೆಂಬುದಕ್ಕೆ ಉತ್ತರ ಸುಂಕದ ಲೆಕ್ಕದಲ್ಲಿದೆ. ಸೊಂಗ್ ರಾಜವಂಶದ ಆಳ್ವಿಕೆಯಲ್ಲಿ, 1087ರಲ್ಲಿ, ಕ್ವಾನ್‌ಝೌನಲ್ಲಿ ಕಡಲ ವ್ಯಾಪಾರದ ಕಚೇರಿಯೊಂದು ತೆರೆಯಿತು. ಹೊರನಾಡಿನ ಹಡಗು ಬಂದೊಡನೆ ಸರಕನ್ನು ಪರಿಶೀಲಿಸಿ, ಅದರಲ್ಲೊಂದು ಪಾಲನ್ನು ಸುಂಕವಾಗಿ ತೆಗೆದುಕೊಂಡು, ಬೆಲೆಬಾಳುವ ಕೆಲವು ವಸ್ತುಗಳನ್ನು ಸರ್ಕಾರವೇ ಕೊಂಡುಕೊಂಡು, ಉಳಿದದ್ದನ್ನು ಮಾರಲು ಬಿಡುವುದು ಅದರ ಕೆಲಸ. ಕನ್ನಡ ಶಾಸನಗಳಲ್ಲಿಯೂ ಸುಂಕಗಳಿಗೆ ಕೊರತೆಯಿಲ್ಲ: ದೊಡ್ಡ ಸುಂಕ ಹೆಜ್ಜುಂಕವಾದರೆ ಚಿಲ್ಲರೆ ತೆರಿಗೆಗಳಿಗೆ ಕಿರುಕುಳ ಎಂಬ ಹೆಸರಿತ್ತು, ಆ ಹೆಸರು ಇಂದು ಯಾವ ಅರ್ಥಕ್ಕೆ ಇಳಿದಿದೆ ಎಂಬುದನ್ನು ನೋಡಿದರೆ ತೆರಿಗೆ ಕೊಟ್ಟವರ ಮನಸ್ಸು ತಿಳಿಯುತ್ತದೆ.

ಈ ಕಚೇರಿಯ ಮೇಲ್ವಿಚಾರಕನಾಗಿದ್ದ ಝಾವೋ ರುಗ್ವಾ ಎಂಬಾತ 1225ರಲ್ಲಿ ಪರದೇಶಗಳನ್ನು ಕುರಿತು ಒಂದು ಗ್ರಂಥ ಬರೆದನು. ಆತ ತಾನು ಸಮುದ್ರಯಾನ ಮಾಡಿದವನಲ್ಲ. ಬಂದರಿಗೆ ಬಂದ ವರ್ತಕರನ್ನು ವಿಚಾರಿಸಿ, ಹಳೆಯ ಬರಹಗಳನ್ನು ನೋಡಿ, ಚೋಳದೇಶ, ಮಲಬಾರ್, ಗುಜರಾತ್ ಮೊದಲಾದವುಗಳ ವರ್ಣನೆಯನ್ನು ಕೂಡಿಸಿದನು. ಮಲಬಾರ್ ಕಡೆಯಿಂದ ಬಂದ ತಂದೆಮಗ ಇಬ್ಬರು ಕ್ವಾನ್‌ಝೌನ ದಕ್ಷಿಣದ ಹೊರವಲಯದಲ್ಲಿ ನೆಲೆಸಿರುವುದನ್ನೂ, ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದೆ ಭಾರತದ ಬೌದ್ಧ ಭಿಕ್ಷುವೊಬ್ಬ ಪರದೇಶದ ವರ್ತಕರು ಕೊಟ್ಟ ಹಣದಿಂದ ಅದೇ ದಕ್ಷಿಣ ಭಾಗದಲ್ಲಿ ದೇವಾಲಯ ಕಟ್ಟಿಸಿದ್ದನ್ನೂ ಆತ ದಾಖಲಿಸಿದ್ದಾನೆ. ಸುಂಕದ ಕಟ್ಟೆಯಲ್ಲಿ ಕುಳಿತು ಲೋಕವನ್ನು ಬರೆದಿಟ್ಟ ಇಂಥವನೊಬ್ಬ ಕನ್ನಡ ಕರಾವಳಿಯ ಬಂದರುಗಳಲ್ಲಿಯೂ ಹುಟ್ಟಿದ್ದರೆ ಬಾರಕೂರು, ಹೊನ್ನಾವರಗಳ ಚರಿತ್ರೆ ಎಷ್ಟೋ ಸುಲಭವಾಗುತ್ತಿತ್ತು.

ಕನ್ನಡನಾಡಿಗೂ ಈ ಬಂದರಿಗೂ ಇದ್ದ ಸಂಬಂಧವನ್ನು ಹೇಳುವಾಗ ಎಚ್ಚರ ಬೇಕು; ಏಕೆಂದರೆ ಅಭಿಮಾನವು ಇಲ್ಲಿ ಬೇಗ ದಾರಿ ತಪ್ಪಿಸುತ್ತದೆ. 1340ರ ದಶಕದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡು, ಮುಂದೆ ಝೈತುನ್ ಬಂದರಿನಲ್ಲಿಯೂ ಇಳಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಚೀನಾದ ದೊಡ್ಡ ಹಡಗುಗಳು ಕಲ್ಲಿಕೋಟೆ, ಕೊಲ್ಲಂ ಮತ್ತು ಹೀಲಿ ಎಂಬ ಮೂರು ಬಂದರುಗಳಿಗೆ ಮಾತ್ರ ಬರುತ್ತಿದ್ದುವೆಂದು ತಿಳಿಸುತ್ತಾನೆ. ಹೀಲಿ ಎಂಬುದು ಇಂದಿನ ಕಣ್ಣೂರು ಜಿಲ್ಲೆಯ ಏಳಿಮಲೆ. ಎಂದರೆ ಕನ್ನಡ ಕರಾವಳಿಯ ಮೆಣಸು, ಅಕ್ಕಿಗಳು ಚೀನಾದ ದಾರಿ ಹಿಡಿಯುವುದಿದ್ದರೆ ಸಣ್ಣ ಹಡಗುಗಳಲ್ಲಿ ತೆಂಕಣಕ್ಕೆ ಸಾಗಿ, ಅಲ್ಲಿ ಇನ್ನೊಬ್ಬರ ಹಡಗನ್ನೇರಬೇಕಿತ್ತು. ಒಳನಾಡಿನ ಸರಕಿನ ದಾರಿ ಇನ್ನೂ ಉದ್ದ. ಆ ದಾರಿಯುದ್ದಕ್ಕೂ ಕೆಲಸ ಮಾಡಿದ ಸಂಸ್ಥೆಗಳಲ್ಲಿ ಹೆಸರುವಾಸಿಯಾದದ್ದು ಅಯ್ಯಾವೊಳೆ ಐನೂರ್ವರದು. ಇದು ವರ್ತಕರ ಶ್ರೇಣಿ, ಅಂದರೆ ತಮ್ಮದೇ ಕಟ್ಟುಪಾಡು, ಕಾವಲುಪಡೆ, ಬಿರುದುಗಳನ್ನುಳ್ಳ ವ್ಯಾಪಾರಿಗಳ ಕೂಟ. ಅದರ ಮೂಲಸ್ಥಾನ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. 11ನೆಯ ಶತಮಾನದ ಶಿಕಾರಿಪುರ ಸೀಮೆಯ ಒಂದು ಶಾಸನವು ಈ ವರ್ತಕರು ಸಂಚರಿಸುತ್ತಿದ್ದ ನಾಡುಗಳನ್ನೂ, ಅವರು ಮಾರುತ್ತಿದ್ದ ಆನೆ, ಕುದುರೆ, ನೀಲ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳನ್ನೂ ಉದ್ದವಾಗಿ ಪಟ್ಟಿಮಾಡುತ್ತದೆ. ಕರ್ಪೂರ, ಲವಂಗಗಳು ಘಟ್ಟದ ಮೇಲೆ ಬೆಳೆದ ಸರಕಲ್ಲ. ಅವು ಕಡಲಾಚೆಯ ದ್ವೀಪಗಳಿಂದ ಬಂದು ಬಂಡಿಯೇರಿದವು. ಇದೇ ಐನೂರ್ವರ ಹೆಸರು ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತ 1088ರ ಶಾಸನದಲ್ಲಿಯೂ ಇದೆ, ಆದರೆ ಆ ಶಾಸನದ ಭಾಷೆ ತಮಿಳು. ಕನ್ನಡದ ಊರಿನ ಹೆಸರನ್ನು ಹೊತ್ತ ಶ್ರೇಣಿ ಕಡಲಾಚೆಗೆ ಹೋದಾಗ ತಮಿಳಿನಲ್ಲಿ ಬರೆಯಿತು ಎಂಬುದರಲ್ಲಿ ಅಂದಿನವರಿಗೆ ಯಾವ ಇರಿಸುಮುರಿಸೂ ಇದ್ದಂತೆ ಕಾಣುವುದಿಲ್ಲ. ಇರಿಸುಮುರಿಸು ಇಂದಿನ ಓದುಗನದು.

ಚನ್ನಪಟ್ಟಣದ ಸೀಮೆಗಂತೂ ಈ ಬೆರಕೆ ಹೊಸದಲ್ಲ. 11ನೆಯ ಶತಮಾನದ ಆರಂಭದಲ್ಲಿ ಚೋಳ ರಾಜರಾಜನ ಸೇನೆ ತಲಕಾಡನ್ನು ಹಿಡಿದು ಗಂಗವಾಡಿಯನ್ನು ವಶಮಾಡಿಕೊಂಡ ಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಈ ಪ್ರದೇಶ ಚೋಳರ ಆಡಳಿತದಲ್ಲಿತ್ತು, ಮಳೂರು ಮತ್ತು ಅದರ ಸುತ್ತಮುತ್ತ ತಮಿಳು ಬರಹದ ಕಲ್ಲುಗಳು ಉಳಿದಿರುವುದು ಅದರ ಗುರುತು. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದ ಹೆಸರನ್ನು ಅದೇ ಹೆಸರಿನ ಚೋಳ ದಂಡನಾಯಕನೊಡನೆ ಸೇರಿಸಿ ಹೇಳುವ ಐತಿಹ್ಯವೂ ಉಂಟು. ಅದೇ ರಾಜರಾಜ ಕಳುಹಿಸಿದ ರಾಯಭಾರಿಗಳು ಮುತ್ತುಗಳ ಕಾಣಿಕೆಯೊಡನೆ ಹೊರಟು 1015ರಲ್ಲಿ ಸೊಂಗ್ ಚಕ್ರವರ್ತಿಯ ಆಸ್ಥಾನವನ್ನು ತಲುಪಿದರೆಂದೂ, ಅವರಿಗೆ ದಾರಿಯಲ್ಲಿ 1150 ದಿನಗಳು ಹಿಡಿದವೆಂದೂ ಚೀನಾದ ಅಧಿಕೃತ ಇತಿಹಾಸ ಬರೆದುಕೊಂಡಿದೆ. 1077ರಲ್ಲಿ ಹೋದ ಇನ್ನೊಂದು ಚೋಳ ನಿಯೋಗದಲ್ಲಿ 72 ಮಂದಿಯಿದ್ದರು. ಕಣ್ವದ ದಡದಲ್ಲಿ ಕಂದಾಯವೆತ್ತುತ್ತಿದ್ದ ರಾಜ್ಯವೇ ಚೀನಾಕ್ಕೆ ಹಡಗನ್ನೂ ಕಳುಹಿಸುತ್ತಿತ್ತು ಎಂಬುದನ್ನು ಶಾಲೆಯ ಪಠ್ಯಗಳು ಬೇರೆಬೇರೆ ಅಧ್ಯಾಯಗಳಲ್ಲಿ ಹೇಳುವುದರಿಂದ ಎರಡರ ಕಾಲ ಒಂದೇ ಎಂಬುದು ಓದುವವರ ಗಮನಕ್ಕೆ ಬರುವುದಿಲ್ಲ.

ಇಂದು ಕ್ವಾನ್‌ಝೌಗೆ ಹೋಗುವವರಿಗೆ 1150 ದಿನಗಳ ಚಿಂತೆಯಿಲ್ಲ. ಫೂಝೌ ಮತ್ತು ಶಿಯಾಮೆನ್ ನಗರಗಳ ನಡುವೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಅತಿವೇಗದ ರೈಲುಮಾರ್ಗವು ಕ್ವಾನ್‌ಝೌ ಕೊಲ್ಲಿಯನ್ನು ಸಮುದ್ರದ ಮೇಲಿನ ಸೇತುವೆಯ ಮೂಲಕ ದಾಟುತ್ತದೆ. 2021ರಲ್ಲಿ ಯುನೆಸ್ಕೊ ಈ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಒಂದು ಕೋಟೆಯನ್ನೋ ಒಂದು ಗುಡಿಯನ್ನೋ ಆರಿಸದೆ, ಸೇತುವೆ, ಮಸೀದಿ, ಬೌದ್ಧ ವಿಹಾರ, ಕುಂಬಾರಿಕೆಯ ಗೂಡು, ಕಬ್ಬಿಣ ಕರಗಿಸುತ್ತಿದ್ದ ಸ್ಥಳ, ಹಡಗುಕಟ್ಟೆ, ದಾರಿತೋರುವ ಗೋಪುರಗಳನ್ನೊಳಗೊಂಡ 22 ತಾಣಗಳನ್ನು ಒಟ್ಟಾಗಿ ಎತ್ತಿಕೊಂಡಿತು. ಈ ಆಯ್ಕೆಯಲ್ಲಿ ವಿವೇಕವಿದೆ. ಕಬ್ಬಿಣವೂ ಪಿಂಗಾಣಿಯೂ ಆದದ್ದು ಬಂದರಿನಲ್ಲಲ್ಲ, ಅನ್ಶಿ ಮತ್ತು ದೆಹುವಾ ಎಂಬ ಒಳನಾಡಿನ ಬೆಟ್ಟಗಳಲ್ಲಿ. ಬಂದರಿಗೆ ಬಂದದ್ದು ಸಿದ್ಧವಾದ ಸರಕು ಮಾತ್ರ. ಸ್ಥಲಪತ್ತನಗಳಿಲ್ಲದೆ ಜಲಪತ್ತನವಿಲ್ಲವೆಂದು ಒಪ್ಪಿಕೊಂಡ ಪಟ್ಟಿಯಿದು. ಅನ್ಶಿಯ ಬೆಟ್ಟಗಳು ಇಂದು ಹೆಸರಾಗಿರುವುದು ಅಲ್ಲಿನ ಚಹಾಕ್ಕೆ. ಇಲ್ಲೊಂದು ಮಾತಿನ ಕಥೆಯನ್ನು ಹೇಳಬೇಕು: ಚೀನಾದ ಬಹುಭಾಗದಲ್ಲಿ ಈ ಪಾನೀಯದ ಹೆಸರು ‘ಚಾ’, ನೆಲದ ದಾರಿಯಲ್ಲಿ ಪರ್ಷಿಯವನ್ನು ಹಾದು ಬಂದದ್ದೇ ‘ಚಹಾ’. ಫುಜಿಯಾನಿನ ಈ ಕರಾವಳಿಯ ನುಡಿಯಲ್ಲಿ ಮಾತ್ರ ಅದು ‘ತೇ’, ಡಚ್ ವರ್ತಕರು ಅದನ್ನು ಕಡಲ ದಾರಿಯಲ್ಲಿ ಯೂರೋಪಿಗೆ ಒಯ್ದರು, ಅಲ್ಲಿಂದ ಇಂಗ್ಲಿಷರ ಜೊತೆ ‘ಟೀ’ ಆಗಿ ಬಂತು. ಧಾರವಾಡದಲ್ಲಿ ಚಹಾ ಕುಡಿಯುವವರು ನೆಲದ ದಾರಿಯ ಮಾತನ್ನೂ, ಬೆಂಗಳೂರು–ಮೈಸೂರು ಹೆದ್ದಾರಿಯ ಹೋಟೆಲಿನಲ್ಲಿ ಟೀ ಕೇಳುವವರು ನೀರಿನ ದಾರಿಯ ಮಾತನ್ನೂ ತಿಳಿಯದೆಯೇ ಆಡುತ್ತಾರೆ.

ಕ್ವಾನ್‌ಝೌನ ಕಲ್ಲುಸೇತುವೆಗಳಲ್ಲಿ ಲುವೊಯಾಂಗ್ ಸೇತುವೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. 1053ರಿಂದ 1059ರವರೆಗೆ ಕಟ್ಟಿದ, ತ್ಸಾಯ್ ಶಿಯಾಂಗ್ ಎಂಬ ಅಧಿಕಾರಿ ಪೂರ್ಣಗೊಳಿಸಿದ ಈ ಸೇತುವೆ ನದಿ ಸಮುದ್ರ ಸೇರುವ ಅಳಿವೆಯಲ್ಲಿದೆ. ದಿನಕ್ಕೆರಡು ಬಾರಿ ಭರತ, ಇಳಿತಗಳು ಅಡಿಪಾಯವನ್ನು ಅಲುಗಿಸುವ ಜಾಗ. ಕಟ್ಟುವವರು ನದಿಯ ತಳಕ್ಕೆ ಕಲ್ಲುಗಳನ್ನು ಸುರಿದು, ಅವುಗಳ ಮೇಲೆ ಸಿಂಪಿಗಳನ್ನು ಬೆಳೆಸಿದರು. ಬಂಡೆಗೆ ಅಂಟಿಕೊಂಡು ಒಂದರ ಮೇಲೊಂದು ಬೆಳೆಯುವ ಈ ಜೀವಿಗಳ ಚಿಪ್ಪುಗಳು ಬಿಡಿಗಲ್ಲುಗಳನ್ನು ಗಾರೆಯಂತೆ ಬೆಸೆದವು. ಗಾರೆ ತಾನೇ ಬೆಳೆಯುವ ಅಡಿಪಾಯ ಎಂದು ಇದನ್ನು ಕರೆಯಬಹುದು. ಸಿಂಪಿಯ ಚಿಪ್ಪುಗಳೇ ನಗರದ ಹೊರವಲಯದ ಶುನ್‌ಪು ಎಂಬ ಮೀನುಗಾರರ ಹಳ್ಳಿಯಲ್ಲಿ ಮನೆಯ ಗೋಡೆಗಳಾಗಿವೆ. ಅಂಗೈಗಿಂತ ದೊಡ್ಡ ಬಿಳಿ ಚಿಪ್ಪುಗಳನ್ನು ಹೆಂಚಿನಂತೆ ಓರೆಯಾಗಿ ಜೋಡಿಸಿದ ಗೋಡೆಗಳವು. ಶುನ್‌ಪು ಹೆಂಗಸರ ತಲೆಯನ್ನು ಕಂಡ ಕನ್ನಡ ಹೆಣ್ಣುಮಕ್ಕಳಿಗೆ ಒಂದು ಕ್ಷಣ ಮೈಸೂರಿನ ಹೂವಿನ ಅಂಗಡಿ ನೆನಪಾಗದಿರದು: ಕೂದಲನ್ನು ಹಿಂದೆ ತುರುಬು ಕಟ್ಟಿ, ನಡುವೆ ಉದ್ದನೆಯ ಕಡ್ಡಿಯೊಂದನ್ನು ಸಿಕ್ಕಿಸಿ, ಸುತ್ತಲೂ ಮೊಗ್ಗಿನ ದಂಡೆಗಳನ್ನು ಒಂದರ ಹೊರಗೊಂದು ವೃತ್ತವಾಗಿ ಸುತ್ತಿ, ಮೇಲೆ ಬಣ್ಣದ ಹೂಗಳನ್ನು ಮುಡಿಯುತ್ತಾರೆ. ಮುದುಕಿಯರೂ ಮುಡಿಯುತ್ತಾರೆ, ಸಿಂಪಿ ಬಿಚ್ಚುವ ಕೆಲಸಕ್ಕೆ ಕುಳಿತವರೂ ಮುಡಿಯುತ್ತಾರೆ. ಈಚೆಗೆ ಪ್ರವಾಸಿಗಳಿಗೂ ಹಣ ಪಡೆದು ಈ ಅಲಂಕಾರ ಮಾಡುವ ಅಂಗಡಿಗಳು ಹಳ್ಳಿಯ ತುಂಬ ಎದ್ದಿವೆ. ಅದರಿಂದ ಹಳ್ಳಿಗೆ ಹಣವೂ ಗದ್ದಲವೂ ಒಟ್ಟಿಗೆ ಬಂದಿವೆ.

ದಕ್ಷಿಣ ಭಾರತದಿಂದ ಹೋದವರು ಮುಖ್ಯವಾಗಿ ನೋಡಬೇಕಾದದ್ದು ನಗರದ ನಡುವಿನ ಕಾಯ್‌ಯುವಾನ್ ವಿಹಾರ. 686ರಲ್ಲಿ ಸ್ಥಾಪನೆಯಾದ ಈ ಬೌದ್ಧ ಕ್ಷೇತ್ರದ ಅಂಗಳದ ಪೂರ್ವಕ್ಕೂ ಪಶ್ಚಿಮಕ್ಕೂ 13ನೆಯ ಶತಮಾನದಲ್ಲಿ ಕಟ್ಟಿದ ಎರಡು ಕಲ್ಲಿನ ಗೋಪುರಗಳಿವೆ. ಪೂರ್ವದ್ದು 48 ಮೀಟರಿಗೂ ಮಿಕ್ಕಿ ಎತ್ತರವಿದೆ. ಪಶ್ಚಿಮ ಗೋಪುರದಲ್ಲಿ ಕತ್ತಿ ಹಿಡಿದ ಕಪಿವೀರನೊಬ್ಬನ ಶಿಲ್ಪವಿದ್ದು, ಅದು ಹನುಮಂತನಿಗೆ ಎಷ್ಟು ಹತ್ತಿರ, ಚೀನೀ ಕಥೆಗಳ ವಾನರ ಸುನ್ ವುಕಾಂಗನಿಗೆ ಎಷ್ಟು ಹತ್ತಿರ ಎಂಬ ಚರ್ಚೆ ಹಳೆಯದು. ನಡುವಿನ ದೊಡ್ಡ ಭವನವನ್ನು ಮಹಾವೀರ ಭವನವೆನ್ನುತ್ತಾರೆ. ಇಲ್ಲಿ ಮಹಾವೀರನೆಂದರೆ ಶ್ರವಣಬೆಳಗೊಳ ಬಲ್ಲ ಕನ್ನಡಿಗರು ಊಹಿಸುವ ತೀರ್ಥಂಕರನಲ್ಲ, ಬುದ್ಧನ ಒಂದು ಬಿರುದು. ಈ ಭವನದ ಮುಂದಿನ ಜಗತಿಯ ಸುತ್ತ ಮನುಷ್ಯನ ಮುಖದ ಸಿಂಹಗಳ ಎಪ್ಪತ್ತಕ್ಕೂ ಹೆಚ್ಚು ಫಲಕಗಳಿವೆ, ಅವು ಬೌದ್ಧ ಶಿಲ್ಪಗಳಲ್ಲ. ಭವನದ ಹಿಂಬದಿಗೆ ಹೋದರೆ ಹದಿನಾರು ಮುಖಗಳ ಎರಡು ಕಂಬಗಳು ಕಾಣುತ್ತವೆ. ಸುತ್ತಲಿನ ಕಂಬಗಳೆಲ್ಲ ಚೀನೀ. ಈ ಎರಡು ಮಾತ್ರ ದ್ರಾವಿಡ ದೇವಾಲಯದ ರಂಗಮಂಟಪದಿಂದ ಎದ್ದು ಬಂದಂತಿವೆ. ಕಂಬದ ನಡುವಿನ ಚೌಕಗಳಲ್ಲಿ ದುಂಡನೆಯ ಪದಕಗಳೂ, ಪದಕಗಳೊಳಗೆ ಪುಟ್ಟ ಕಥೆಗಳೂ ಇವೆ: ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡ ನರಸಿಂಹ, ಕಾಳಿಂಗನ ಮೇಲಿನ ಕೃಷ್ಣ, ಮರವೇರಿ ಗೋಪಿಯರ ಸೀರೆಗಳನ್ನು ಇಟ್ಟುಕೊಂಡ ಕೃಷ್ಣ, ಮೊಸಳೆಯ ಬಾಯಿಗೆ ಸಿಕ್ಕ ಗಜೇಂದ್ರ. ಕಲಾವಿಮರ್ಶಕ ಆನಂದ ಕುಮಾರಸ್ವಾಮಿ 1933ರಲ್ಲಿಯೇ ಇವುಗಳನ್ನು ಗುರುತಿಸಿ ಬರೆದರು.

ಆ ಪದಕಗಳಲ್ಲೊಂದು ಮಳೂರಿನಿಂದ ಹೋದವರನ್ನು ತಡೆದು ನಿಲ್ಲಿಸುವಂಥದು. ಅದರಲ್ಲಿರುವುದು ಯಮಳಾರ್ಜುನಭಂಗ: ಯಶೋದೆ ತುಂಟ ಮಗನನ್ನು ಒರಳಿಗೆ ಕಟ್ಟಿಹಾಕಿ ಒಳಗೆ ಹೋಗಿದ್ದಾಳೆ, ಮಗು ಒರಳನ್ನೇ ಎಳೆದುಕೊಂಡು ಅಂಬೆಗಾಲಿಕ್ಕುತ್ತ ಎರಡು ಮತ್ತಿಯ ಮರಗಳ ನಡುವೆ ನುಸುಳಿದಾಗ ಒರಳು ಅಡ್ಡಲಾಗಿ ಸಿಕ್ಕಿಕೊಂಡು ಮರಗಳೆರಡೂ ಬುಡಸಮೇತ ಬೀಳುತ್ತವೆ. ದೊಡ್ಡಮಳೂರಿನ ಅಪ್ರಮೇಯನ ಗುಡಿಯಲ್ಲಿ ಮಕ್ಕಳಿಲ್ಲದವರು ಹರಕೆ ಹೊತ್ತು ತೊಟ್ಟಿಲು ಕಟ್ಟುವುದು, ಬೆಣ್ಣೆ ಹಿಡಿದ ಅದೇ ಅಂಬೆಗಾಲು ಕೃಷ್ಣನ ಎದುರಿಗೆ. ಮಳೂರಿನಲ್ಲಿ ಮಗು ಪೂಜೆ ಪಡೆಯುತ್ತಿದೆ. ಕ್ವಾನ್‌ಝೌನಲ್ಲಿ ಅದೇ ಮಗು ಬುದ್ಧನ ಭವನದ ಹಿಂದೆ, ಊದಿನಕಡ್ಡಿಯ ಹೊಗೆ ತಲುಪುವ ದೂರದಲ್ಲಿ, ತನ್ನ ಕಥೆ ಬಲ್ಲವರಾರೂ ಇಲ್ಲದ ಊರಿನಲ್ಲಿ ಒರಳೆಳೆಯುತ್ತಿದೆ.

ಈ ಕಂಬಗಳು ಮೊದಲು ಎಲ್ಲಿದ್ದವು ಎಂಬ ಪ್ರಶ್ನೆಗೆ ನಗರದಲ್ಲಿ ಚದರಿಹೋಗಿರುವ ಸುಮಾರು 300 ಹಿಂದೂ ಶಿಲ್ಪಖಂಡಗಳನ್ನು ಕೂಡಿಸಿ ನೋಡಿ ಉತ್ತರ ಕಂಡುಕೊಳ್ಳಬೇಕಾಗಿದೆ. 1956ರಲ್ಲಿ ದೊರೆತ ಒಂದು ಶಾಸನ ಇದರಲ್ಲಿ ಬಲವಾದ ಸಾಕ್ಷ್ಯ. ತಮಿಳು ಬರಹದ ಕೊನೆಗೆ ಒಂದು ಸಾಲು ಚೀನೀ ಅಕ್ಷರಗಳಿರುವ ಈ ಶಾಸನದ ಕಾಲ ಶಕವರ್ಷ 1203ರ ಚಿತ್ತಿರೈ, ಅಂದರೆ ಕ್ರಿ.ಶ. 1281ರ ಏಪ್ರಿಲ್. ಮಂಗೋಲ್ ಚಕ್ರವರ್ತಿ ಕುಬ್ಲಾಯ್ ಖಾನನ ಆಳ್ವಿಕೆಯಲ್ಲಿ, ಖಾನನ ಆರೋಗ್ಯಕ್ಕಾಗಿ, ಅವನ ಅಪ್ಪಣೆಯ ಪ್ರಕಾರ, ಸಂಬಂಧ ಪೆರುಮಾಳ್ ಎಂಬಾತ ಶಿವನನ್ನು ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ತಮಿಳು ಶೈವನು ಮಂಗೋಲ್ ದೊರೆಯ ಆಯುಸ್ಸಿಗಾಗಿ ಚೀನಾದ ಬಂದರಿನಲ್ಲಿ ಹರನನ್ನು ಬೇಡಿಕೊಂಡ ಈ ಸಂದರ್ಭದಲ್ಲಿ ಭಕ್ತಿ ಎಷ್ಟು, ವ್ಯಾಪಾರದ ಜಾಣತನ ಎಷ್ಟು ಎಂದು ಅಳೆಯಹೊರಡುವುದು ವ್ಯರ್ಥ. ಐನೂರ್ವರ ಹೆಸರು ಇದರಲ್ಲಿಲ್ಲ, ಕನ್ನಡದ ಅಕ್ಷರವೂ ಇಲ್ಲ. ಇದನ್ನು ತಮಿಳು ವರ್ತಕರ ಗುಡಿಯೆಂದೇ ಹೇಳಬೇಕು. ಕನ್ನಡಿಗನು ಅದರಲ್ಲಿ ನೆರೆಯವನ ಪಾಲನ್ನಷ್ಟೇ ಕೇಳಬಹುದು.

ಗುಡಿ ಉಳಿಯಲಿಲ್ಲ. ಮಂಗೋಲರ ಪ್ರಭುತ್ವ ಸಡಿಲವಾದಾಗ 1357ರಿಂದ 1366ರವರೆಗೆ ನಗರದ ಪರ್ಷಿಯನ್ ದಂಡು ದಂಗೆಯೆದ್ದಿತು, ದಂಗೆಯನ್ನಡಗಿಸಿದವರು ಪರದೇಶೀಯರನ್ನು ಕೊಂದು ಓಡಿಸಿದರು. ಮುಂದೆ ಬಂದ ಮಿಂಗ್ ರಾಜವಂಶ ಖಾಸಗಿ ಕಡಲ ವ್ಯಾಪಾರವನ್ನೇ ನಿಷೇಧಿಸಿತು. ನದಿಯ ಹೂಳು ಉಳಿದದ್ದನ್ನು ಮುಗಿಸಿತು. ಒಡೆದ ಗುಡಿ, ಮಸೀದಿ, ಗೋರಿಗಳ ಕಲ್ಲುಗಳು ಹಸನಾಗಿ ಕೆತ್ತಿದವಾದ್ದರಿಂದ ಕೋಟೆಯ ಗೋಡೆಗೂ ಸೇತುವೆಗೂ ಬೌದ್ಧ ಭವನದ ಹಿಂಬದಿಗೂ ಹೋದವು. ಕೆಡವಿದವರ ಅನಾದರವೇ ಅವುಗಳನ್ನು ಆರು ಶತಮಾನ ಕಾಪಾಡಿದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು. 20ನೆಯ ಶತಮಾನದ ಮೊದಲರ್ಧದಲ್ಲಿ ಕೋಟೆಯನ್ನು ಒಡೆಯತೊಡಗಿದಾಗ ಗೋಡೆಯೊಳಗಿಂದ ಅರಬ್ಬೀ ಬರಹದ ಗೋರಿಗಲ್ಲುಗಳೂ, ಶಿಲುಬೆಯ ಕಲ್ಲುಗಳೂ, ಶಿವಲಿಂಗಕ್ಕೆ ಹೂ ಅರ್ಪಿಸುವ ಆನೆಯ ಫಲಕವೂ ಹೊರಬಿದ್ದವು. ಅವು ಮತ್ತೆ ಯಾರದೋ ಮನೆಯ ಮೆಟ್ಟಿಲಾಗುವ ಮೊದಲು ವು ವೆನ್‌ಲಿಯಾಂಗ್ ಎಂಬ ಸ್ಥಳೀಯ ಶಾಲಾ ಶಿಕ್ಷಕ ತನ್ನ ಸ್ವಂತ ಹಣದಿಂದ ಕೊಂಡು, ಹೊತ್ತು ತಂದು, ಅಧ್ಯಯನ ಮಾಡಿ, 1957ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. 1959ರಲ್ಲಿ ಆರಂಭವಾದ ನಗರದ ಕಡಲಯಾನ ವಸ್ತುಸಂಗ್ರಹಾಲಯದಲ್ಲಿ ಇಂದು ಆ ಕಲ್ಲುಗಳು ನೆರಳಿನಲ್ಲಿವೆ. ಹೊರವಲಯದ ಚೆದಿಯಾನ್ ಎಂಬ ಹಳ್ಳಿಯಲ್ಲಿ ಮಾತ್ರ ಇಂಥದೊಂದು ಶಿಲ್ಪ ಸಂಗ್ರಹಾಲಯಕ್ಕೆ ಹೋಗದೆ ಪೂಜೆಯಲ್ಲೇ ಉಳಿದಿದೆ: ನಾಲ್ಕು ತೋಳಿನ, ಅಕ್ಕಪಕ್ಕದಲ್ಲಿ ಪರಿಚಾರಕರಿರುವ ದಕ್ಷಿಣ ಭಾರತದ ದೇವಿಯನ್ನು ಹಳ್ಳಿಯವರು ಕರುಣೆಯ ಬೋಧಿಸತ್ವೆಯಾದ ಗುವಾನ್‌ಯಿನ್ ಎಂದು ನಂಬಿ ಹಣ್ಣು, ಹೂ ಇಟ್ಟು ಕೈಮುಗಿಯುತ್ತಾರೆ.

ಕಲ್ಲಿನಷ್ಟೇ ಮಾತಾಡುವ ಇನ್ನೊಂದು ವಸ್ತು ಮರದ್ದು. 1974ರಲ್ಲಿ ಹೌಝು ಬಂದರಿನ ಕೆಸರಿನಿಂದ ಅಗೆದು ತೆಗೆದ, 1270ರ ದಶಕದ್ದೆಂದು ತಿಳಿಯಲಾದ ಹಡಗೊಂದರ ತಳಭಾಗವನ್ನು ಕಾಯ್‌ಯುವಾನ್ ವಿಹಾರದ ಆವರಣದಲ್ಲಿಯೇ ಒಂದು ಪ್ರದರ್ಶನಶಾಲೆ ಕಟ್ಟಿ ಇರಿಸಲಾಗಿದೆ. ಉಳಿದಿರುವ ಭಾಗವೇ 24 ಮೀಟರ್ ಉದ್ದವಿದೆ. ಒಳಗೆ 12 ಅಡ್ಡಗೋಡೆಗಳು ಅದನ್ನು 13 ಕೋಣೆಗಳಾಗಿ ಒಡೆದಿವೆ, ಒಂದು ಕೋಣೆಗೆ ನೀರು ನುಗ್ಗಿದರೆ ಉಳಿದವು ತೇಲಿಸಬೇಕೆಂಬುದು ಈ ರಚನೆಯ ಉದ್ದೇಶ. ಕೋಣೆಗಳಲ್ಲಿ ಸಿಕ್ಕಿದ ಸರಕಿನ ಬಹುಪಾಲು ಸುಗಂಧದ ಮರ. ಜೊತೆಗೆ ಮೆಣಸು, ಧೂಪದ ಅಂಟು, ಕವಡೆ, ಆಮೆಯ ಚಿಪ್ಪು ಮತ್ತು ಅಡಿಕೆ. ಝೈತುನ್‌ನಿಂದ 1292ರ ಸುಮಾರಿಗೆ ಹಡಗನ್ನೇರಿದ ಮಾರ್ಕೊ ಪೋಲೊ, ಅಲೆಕ್ಸಾಂಡ್ರಿಯಾಕ್ಕೆ ಒಂದು ಹಡಗು ಮೆಣಸು ಹೋದರೆ ಈ ಬಂದರಿಗೆ ನೂರು ಬರುತ್ತವೆಂದು ಹೇಳಿದ್ದು ಅತಿಶಯೋಕ್ತಿಯಿರಬಹುದು, ಆದರೆ ಕೆಸರಿನಲ್ಲಿ ಏಳುನೂರು ವರ್ಷ ಇದ್ದ ಕಾಳುಮೆಣಸು ಅವನ ಪರವಾಗಿದೆ.

ತಿರುಗಿ ಬರುವ ಹಡಗುಗಳಲ್ಲಿ ಬಂದದ್ದು ಪಿಂಗಾಣಿ, ತಾಮ್ರದ ನಾಣ್ಯ ಮತ್ತು ರೇಷ್ಮೆ. ಹಂಪೆಯ ಅವಶೇಷಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಸಂಸ್ಕೃತದ ಚೀನಾಂಶುಕವೂ ಕನ್ನಡ ಕವಿಗಳ ಚೀನಾಂಬರವೂ ರೇಷ್ಮೆಗೆ ಆ ದೇಶದ ಹೆಸರನ್ನೇ ಅಂಟಿಸಿವೆ. ನುಣುಪಾದ ಬಟ್ಟೆಗೆ ಯೂರೋಪಿನಲ್ಲಿ ಹುಟ್ಟಿದ ‘ಸ್ಯಾಟಿನ್’ ಎಂಬ ಹೆಸರಿಗೆ ಝೈತುನ್ ಬಂದರಿನ ಹೆಸರೇ ಮೂಲವೆಂದು ಹೇಳುವುದು ವಾಡಿಕೆ. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಬಿತ್ತಿದ ಕಸುಬು ಬೆಳೆದು ರಾಮನಗರ ದೊಡ್ಡ ಗೂಡಿನ ಮಾರುಕಟ್ಟೆಯಾದ ಮೇಲೂ ಚೀನಾದ ನೆರಳು ಈ ಸೀಮೆಯ ಮೇಲಿಂದ ಸರಿದಿಲ್ಲ. 2011–12ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿದಾಗ ಗೂಡಿನ ದರ ಕುಸಿದು, ಹಿಪ್ಪುನೇರಳೆ ತೋಟವನ್ನು ಅಗೆದುಹಾಕಿದ ರೈತರಿದ್ದರು. ಇತ್ತ ಒಂದೇ ಸಮನಾದ ಉದ್ದ ಎಳೆ ಬಿಚ್ಚಿಕೊಡುವ ಸ್ವಯಂಚಾಲಿತ ಯಂತ್ರಗಳು ರೀಲರುಗಳಿಗೆ ಬಂದದ್ದೂ ಚೀನಾದಿಂದಲೇ. ಕ್ವಾನ್‌ಝೌನ ಸುಂಕದ ಕಚೇರಿಯ ಅವಶೇಷವನ್ನು ಬೈರಾಪಟ್ಟಣದ ಕಡೆಯ ರೇಷ್ಮೆ ರೈತನು ನಿಂತು ನೋಡಿದರೆ, ದೂರದ ಕಚೇರಿಯೊಂದರಲ್ಲಿ ಸುಂಕದ ಅಂಕಿ ಬದಲಾದಾಗ ಊರಿನ ಚಂದ್ರಿಕೆಯ ಮೇಲಿನ ಗೂಡಿಗೆ ಏನಾಗುತ್ತದೆಂಬುದನ್ನು ಅವನಿಗೆ ಯಾರೂ ವಿವರಿಸಬೇಕಾಗುವುದಿಲ್ಲ. ಚಂದ್ರಿಕೆಯೆಂದರೆ ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ, ಬಿದಿರಿನ ದಬ್ಬೆಯನ್ನು ಸುರುಳಿ ಸುತ್ತಿ ಹೆಣೆದ ತಟ್ಟೆ.

ಇಂಥ ರೈತನು ಕಾಯ್‌ಯುವಾನ್ ವಿಹಾರವನ್ನು ಬಿಡುವ ಮುಂಚೆ ಅದರ ಪಶ್ಚಿಮ ಭಾಗದಲ್ಲಿರುವ ಒಂದು ಮರದ ಬಳಿ ಹೋಗಬೇಕು. 7ನೆಯ ಶತಮಾನದಲ್ಲಿ ಈ ನೆಲವೆಲ್ಲ ಹುವಾಂಗ್ ಶೌಗೊಂಗ್ ಎಂಬ ಸಿರಿವಂತನ ಹಿಪ್ಪುನೇರಳೆ ತೋಟವಾಗಿತ್ತೆಂದೂ, ವಿಹಾರಕ್ಕಾಗಿ ನೆಲ ಬೇಡಿದ ಭಿಕ್ಷುವಿಗೆ ಆತ ಹಿಪ್ಪುನೇರಳೆಯ ಗಿಡಗಳು ಬಿಳಿಯ ತಾವರೆಯನ್ನು ಬಿಟ್ಟರೆ ಕೊಡುವೆನೆಂದು ನಯವಾಗಿ ಜಾರಿಕೊಂಡನೆಂದೂ, ಕೆಲವೇ ದಿನಗಳಲ್ಲಿ ತೋಟದ ತುಂಬ ತಾವರೆ ಅರಳಿ ಕೊಟ್ಟ ಮಾತಿಗೆ ಕಟ್ಟುಬಿದ್ದನೆಂದೂ ಸ್ಥಳಪುರಾಣ ಹೇಳುತ್ತದೆ. ಆ ತೋಟದ್ದೆಂದು ತೋರಿಸುವ ಹಿಪ್ಪುನೇರಳೆಯ ಮರವೊಂದು ಅಲ್ಲಿದೆ. 1300 ವರ್ಷದ್ದೆಂದು ಅದರ ಎದುರಿನ ಫಲಕ ಹೇಳುತ್ತದೆ. 1925ರಲ್ಲಿ ಸಿಡಿಲು ಬಡಿದು ಅದು ಮೂರಾಗಿ ಸೀಳಿತು. ಸೀಳಿದ ಕೊಂಬೆಗಳು ನೆಲಕ್ಕೊರಗಿದ್ದು, ಅವುಗಳಿಗೆ ಕಲ್ಲಿನ ಊರುಗೋಲು ಕೊಟ್ಟು, ಸುತ್ತ ಕಟಾಂಜನ ಕಟ್ಟಿದ್ದಾರೆ. ಚನ್ನಪಟ್ಟಣದ ಹೊಲಗಳಲ್ಲಿ ಹಿಪ್ಪುನೇರಳೆಯನ್ನು ಬೆಳೆಗೊಮ್ಮೆ ಬುಡಕ್ಕೆ ಕತ್ತರಿಸಿ ಹೊರೆಕಟ್ಟಿ ಹುಳುವಿನ ಮನೆಗೆ ಒಯ್ಯುವುದರಿಂದ, ಅದು ಆಳೆತ್ತರ ದಾಟಿದ್ದನ್ನು ಕಂಡವರೇ ಕಡಿಮೆ. ಇಲ್ಲಿ ಅದೇ ಗಿಡ ದಪ್ಪ ಮರವಾಗಿ, ತೊಗಟೆ ಸುರುಟಿ, ವಸಂತ ಬಂದಾಗ ತುದಿಗಳಲ್ಲಿ ಎಲೆ ಬಿಡುತ್ತದೆ. ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದು ಹೊರಬಂದ ಎಳೆಯ ಹುಳುವಿಗೆ, ಹೆಚ್ಚಿಹಾಕಲು ತಕ್ಕ ಎಳೆಸೊಪ್ಪು ಅದು. ಆದರೆ ಅದನ್ನು ಕೊಯ್ಯುವವರು ಅಲ್ಲಿ ಯಾರೂ ಇಲ್ಲ.